‘ಸಾಕು’ ಅನ್ನುವ ಗುಳಿಗೆ

ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರ ಬಾಯಿಗೂ ಏನೂ ಹೋಗುವುದಿಲ್ಲ. ಊಟ ಇಲ್ಲ, ನೀರು ಇಲ್ಲ, ಗುಳಿಗೆಯೂ ಇಲ್ಲ. ತೇರದಾಳದ ಬಸದಿ ಓಣಿಯ ಜೈನರ ಮನೆ ಅದು. ಅಲ್ಲಿಯ ಹಿರಿಯ ಹೆಂಗಸನ್ನು ನೋಡಿಕೊಳ್ಳಲು ನಾನು ಚಿಮ್ಮಡದಿಂದ ದಿನಾ ಹೋಗುತ್ತೇನೆ. ಅವರನ್ನು ಬಾಯಾರು ಅನ್ನುತ್ತೇನೆ. ಮಗನಿಗೆ ಜಮಖಂಡಿಯಲ್ಲಿ ಬ್ಯಾಂಕಿನ ನೌಕರಿ, ಸೊಸೆ ಬನಹಟ್ಟಿಯಲ್ಲಿ ಹೈಸ್ಕೂಲ್ ಟೀಚರ್. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ ಮುದುಕಿಯರು. ಅವರಿಗೆ ವಯಸ್ಸು ಹೆಚ್ಚು, ನನಗೆ ಕೆಲಸ ಹೆಚ್ಚು.

ಸ್ನಾನ ಮಾಡಿಸುವುದು, ಕಾಲು ತಿಕ್ಕುವುದು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ಮಶೀನಿನ ಗುಂಡಿ ಒತ್ತುವುದು, ಗುಳಿಗೆ ಕೊಡುವುದು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅಂಕಿ ಓದಲು ಅಷ್ಟು ಸಾಕು. ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಅದಕ್ಕೆ ಬಣ್ಣ ಗಾತ್ರ ನೋಡಿ ಗುರುತು ಹಿಡಿಯುತ್ತೇನೆ. ಬಾಯಾರಿಗೆ ಬೆಳಿಗ್ಗೆ ಒಂದು ಹಳದಿ, ಒಂದು ದೊಡ್ಡ ಬಿಳಿ. ಇವೆರಡೂ ಹಳೆಯವು. ಹೋದ ವರ್ಷ ಬೇಸಿಗೆಯಲ್ಲಿ ಅವರ ಬಿ.ಪಿ. ಯಾವುದಕ್ಕೂ ಜಗ್ಗದೆ ಹೋದಾಗ ಜಮಖಂಡಿಯ ಡಾಕ್ಟರು ಮೂರನೆಯದೊಂದನ್ನು ಸೇರಿಸಿದರು. ಅದೂ ಬಿಳಿ, ಆದರೆ ಸಾಬೂದಾಣಿ ಕಾಳಿಗಿಂತ ತುಸುವೇ ದೊಡ್ಡದು. ಬೆಳಿಗ್ಗೆ ಒಂದು, ರಾತ್ರಿ ಒಂದು. ರಾತ್ರಿ ಅಂದ ಕೂಡಲೇ ಬಾಯಾರು ತಲೆ ಅಲ್ಲಾಡಿಸಿದರು. ಹಾಗಾದರೆ ಹೊತ್ತು ಮುಳುಗುವ ಮೊದಲೇ ಆಗಲಿ, ತಪ್ಪಿಸುವುದು ಮಾತ್ರ ಬೇಡ ಅಂದರು ಡಾಕ್ಟರು. ಅವತ್ತಿನಿಂದ ಹಿತ್ತಲ ಗೋಡೆಯ ನೆತ್ತಿಯ ಮೇಲೆ ಬಿಸಿಲು ಇರುವಾಗಲೇ ಆ ಗುಳಿಗೆ ಬಾಯಾರ ನಾಲಿಗೆಯ ಮೇಲೆ ಬೀಳುತ್ತಿತ್ತು.

ಅದಕ್ಕೆ ಬೇಕಾದ ನೀರನ್ನು ಸೊಸೆ ಬಾವಿಯಿಂದ ಸೇದಿ, ಸೋಸಿ, ಕಾಯಿಸಿ ತಾಮ್ರದ ತಂಬಿಗೆಯಲ್ಲಿ ಇಟ್ಟು ಹೋಗುತ್ತಿದ್ದಳು. ನಾನು ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ಬಾವಿಯ ಹಗ್ಗ ಮುಟ್ಟುತ್ತಿರಲಿಲ್ಲ. ಅದು ಅವರ ಪದ್ಧತಿ. ನನಗೇನೂ ಬೇಸರವಿರಲಿಲ್ಲ. ಮುಟ್ಟದ ಕಡೆ ಕೆಲಸವೂ ಇರುವುದಿಲ್ಲ.

ಆ ವರ್ಷದ ಭಾದ್ರಪದದಲ್ಲಿ ಅವರ ಹತ್ತು ದಿನದ ಪರ್ವ ಬಂತು. ಕಡೆಯ ಎರಡು ದಿನ ಬಾಯಾರದು ನೀರೂ ಮುಟ್ಟದ ಉಪವಾಸ. ಮದುವೆಯಾಗಿ ಆ ಮನೆಗೆ ಬಂದ ವರ್ಷದಿಂದ ಒಮ್ಮೆಯೂ ಬಿಟ್ಟಿಲ್ಲವಂತೆ. ಗುಳಿಗೆ ಏನು ಮಾಡುವುದು ಎಂದು ನಾನು ಕೇಳಿದೆ.

“ಉಪವಾಸ ಅಂದ್ರ ಉಪವಾಸ. ಹ್ವಾದ ವರ್ಷಾನೂ ಎರಡು ದಿನ ಗುಳಿಗಿ ಬಿಟ್ಟಿದ್ದೆ. ಸತ್ತೇನೇನ?”

ಅದರ ಹಿಂದಿನ ವರ್ಷ ಹಳದಿ ಮತ್ತು ದೊಡ್ಡ ಬಿಳಿ ಮಾತ್ರ ಇದ್ದವು. ಸಣ್ಣದು ಆಗ ಇರಲಿಲ್ಲ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಗ ಔಷಧದ ಅಂಗಡಿಯಲ್ಲಿ ಕೇಳಿ ಬಂದ. ಬಿ.ಪಿ. ಗುಳಿಗೆ ಒಂದೆರಡು ದಿನ ತಪ್ಪಿದರೆ ಏನೂ ಆಗುವುದಿಲ್ಲ ಅಂದರಂತೆ. ಯಾವ ಗುಳಿಗೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಉಪವಾಸದ ಮೊದಲ ದಿನ ಬಾಯಾರು ಚೆನ್ನಾಗಿಯೇ ಇದ್ದರು. ನಾನು ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಾಗ ಚೇಷ್ಟೆಗೆ ಬಂದರು. ನಿಮ್ಮ ಬೀರಪ್ಪನಿಗೆ ಉಪವಾಸ ಅಂದರೆ ಏನೆಂದೇ ತಿಳಿಯದು, ಭಂಡಾರದ ಅರಿಶಿನ ಹಚ್ಚಿಕೊಂಡು ಉಣ್ಣುವುದೊಂದೇ ನಿಮ್ಮ ಧರ್ಮ ಅಂದರು. ನಮ್ಮದು ಕುರಿ ಕಾಯುವ ದೇವರು, ಉಣ್ಣದಿದ್ದರೆ ಕುರಿಯ ಹಿಂದೆ ಓಡುವವರು ಯಾರು ಎಂದು ನಾನೂ ಅಂದೆ. ಅವರು ನಕ್ಕರು. ಸಂಜೆ ಬಿಸಿಲು ಗೋಡೆಯ ನೆತ್ತಿಗೆ ಬಂದಾಗ ನನ್ನ ಕೈ ತಾನಾಗಿ ಗುಳಿಗೆಯ ಡಬ್ಬಿಗೆ ಹೋಯಿತು. ಬಾಯಾರು ನೋಡಿ ತುಟಿ ಬಿಗಿಹಿಡಿದರು. ನಾನು ಡಬ್ಬಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಗ ಸೊಸೆ ಇಬ್ಬರೂ ಹೊರಟುಹೋಗಿದ್ದರು. ಬಾಯಾರು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ಉಪವಾಸ ಮಾಡುವವರನ್ನು ನಾನು ಬಹಳ ಕಂಡಿದ್ದೇನೆ. ಅವರು ತಣ್ಣಗಾಗುತ್ತಾರೆ, ಮಾತು ಕಡಿಮೆಯಾಗುತ್ತದೆ, ಒಂದು ಕಡೆ ಒರಗುತ್ತಾರೆ. ಇವರದು ಉಲ್ಟಾ. ಜಪಮಾಲೆ ಹಿಡಿದ ಕೈ ನಡುಗುತ್ತಿತ್ತು. ಮೋಡ ಕವಿದ ತಂಪು ಹೊತ್ತಿನಲ್ಲಿ ಮೇಲ್ತುಟಿಯ ಮೇಲೆ ಬೆವರು. ತಲೆ ಸಿಡಿಯುತ್ತಿದೆ ಅಂದರು. ಹಾಗೆಂದವರು ಕೂರಲಿಲ್ಲ, ಮತ್ತೆ ನಡೆದರು. ಕುತ್ತಿಗೆಯ ಪಕ್ಕದ ನರ ಹಾರುವುದು ಬಾಗಿಲಿನಿಂದಲೇ ಕಾಣುತ್ತಿತ್ತು.

ಪಿತ್ತ ಕೆರಳಿದೆ ಅಂದುಕೊಂಡೆ. ಒದ್ದೆ ಬಟ್ಟೆಯನ್ನು ಹಣೆಗೆ ಹಾಕಿ ಮಲಗಿಸಿದೆ. ಮಲಗಲಿಲ್ಲ, ಎದ್ದು ಕುಳಿತರು. ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ಮಶೀನು ಗುರ್ ಎಂದು ಬಿಗಿಯಿತು, ಸಡಿಲಿಸಿತು, ಮತ್ತೆ ಬಿಗಿಯಿತು. ಮೇಲಿನ ಅಂಕಿ ಇನ್ನೂರು ದಾಟಿ ನಿಂತಿತು. ನಾಡಿಯ ಅಂಕಿಯೂ ನಾನು ಅವರಲ್ಲಿ ಎಂದೂ ಕಂಡದ್ದಲ್ಲ. ಮಶೀನು ಕೆಟ್ಟಿದೆ ಅಂದುಕೊಂಡೆ. ನನ್ನ ತೋಳಿಗೆ ಸುತ್ತಿ ನೋಡಿದೆ. ನನ್ನದು ಎಂದಿನಷ್ಟೇ ಇತ್ತು. ಮತ್ತೆ ಅವರಿಗೆ ಸುತ್ತಿದೆ. ಮೊದಲಿಗಿಂತ ಹೆಚ್ಚು ಬಂತು.

ಸೊಸೆಗೆ ಫೋನು ಹಚ್ಚಿದೆ. ಅವಳು ಕ್ಲಾಸಿನಲ್ಲಿದ್ದಳೋ ಏನೋ, ಎತ್ತಲಿಲ್ಲ. ಮಗ ಎತ್ತಿದ. ಬ್ಯಾಂಕಿನ ಗದ್ದಲದಲ್ಲಿ ಅರ್ಧ ಕೇಳಿ, ಉಪವಾಸದ ದಣಿವು ಅಂದ. ಎದೆ ಹಾರುತ್ತಿದೆ ಎಂದು ನಾನು ಒತ್ತಿ ಹೇಳಿದ ಮೇಲೆ, ಕಪಾಟಿನಲ್ಲಿ ಅವ್ವನಿಗೆ ಹಿಂದೊಮ್ಮೆ ಎದೆ ಹಾರುವುದಕ್ಕೆ ಕೊಟ್ಟಿದ್ದ ಗುಲಾಬಿ ಗುಳಿಗೆ ಉಳಿದಿದೆ, ಅದನ್ನು ಕೊಡು, ಮೀಟಿಂಗ್ ಮುಗಿಸಿ ಬರುತ್ತೇನೆ ಎಂದು ಇಟ್ಟುಬಿಟ್ಟ. ಗುಲಾಬಿ ಗುಳಿಗೆ ಸಿಕ್ಕಿತು. ಅಂಗೈಯಲ್ಲಿ ಹಿಡಿದು ಹೋದೆ. ಬಾಯಾರು ಬಾಯಿಗೆ ಸೆರಗು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ಎಷ್ಟು ಹೇಳಿದರೂ ತಿರುಗಲಿಲ್ಲ. ಕಡೆಗೆ ನನಗೇ ಸಿಟ್ಟು ಬಂದು ಗುಳಿಗೆಯನ್ನು ಕಿಟಕಿಯಲ್ಲಿಟ್ಟೆ.

ಆಮೇಲೆ ಜಮಖಂಡಿಯ ಡಾಕ್ಟರ ದವಾಖಾನೆಗೆ ಫೋನು ಮಾಡಿದೆ. ಮನೆಯವರನ್ನು ಕೇಳದೆ ಡಾಕ್ಟರಿಗೆ ಫೋನು ಮಾಡುವುದು ನನ್ನ ಕೆಲಸವಲ್ಲ. ಆದರೆ ಹೆಣ ಕಾಯುವುದೂ ನನ್ನ ಕೆಲಸವಲ್ಲ. ನರ್ಸ್ ನನ್ನ ಮಾತು ಕೇಳಿ ಫೋನನ್ನು ಡಾಕ್ಟರ ಕೈಗೇ ಕೊಟ್ಟಳು. ಬಾಯಾರು ಉಪವಾಸದಲ್ಲಿದ್ದಾರೆ, ಮೊನ್ನೆ ಸಂಜೆಯಿಂದ ಒಂದು ಗುಳಿಗೆಯನ್ನೂ ತೆಗೆದುಕೊಂಡಿಲ್ಲ, ಅಂಕಿ ಇಷ್ಟಾಗಿದೆ ಅಂದೆ.

“ಸಣ್ಣ ಬಿಳಿದೂ ಬಿಟ್ಟಾರೇನ?”

“ಎಲ್ಲಾ ಬಿಟ್ಟಾರ್ರಿ.”

“ಆಯಿ, ನೀಟಾಗಿ ಕೇಳು. ಆ ಸಣ್ಣದನ್ನ ಈಗಿಂದೀಗ ಬಾಯಾಗ ಹಾಕು. ಬ್ಯಾರೆ ಯಾವ ಗುಳಿಗೀನೂ ಕೊಡಬ್ಯಾಡ. ಗಾಡಿ ತಗೊಂಡು ಕರಕೊಂಡು ಬಾ. ತಡಾ ಆದ್ರ ತಲ್ಯಾಗಿನ ರಕ್ತನಾಳ ಒಡದೀತು.”

ಓಣಿಯ ಕೊನೆಯ ಆಟೋದವನಿಗೆ ಹೇಳಿ ಬಂದೆ. ಸಣ್ಣ ಗುಳಿಗೆಯನ್ನು ಕೈಯಲ್ಲಿ ಹಿಡಿದು ಬಾಯಾರ ಮುಂದೆ ಕುಳಿತೆ. ಡಾಕ್ಟರು ಅಂದದ್ದನ್ನು ಹೇಳಿದೆ. ನಾಳೆ ಮುಂಜಾನೆ ಪಾರಣೆ ಇದೆ, ಪಾರಣೆಯಲ್ಲಿ ತಗೊಳ್ಳುತ್ತೇನೆ ಅಂದರು. ನಾಳೆಯವರೆಗೆ ಇರುವುದಿಲ್ಲ ಅಂದೆ. ಇರದಿದ್ದರೆ ಉಪವಾಸದಲ್ಲಿ ಹೋದೆ ಅನ್ನಿಸಿಕೊಳ್ಳುತ್ತೇನೆ, ಅದಕ್ಕಿಂತ ಪುಣ್ಯವೇನು ಅಂದರು. ಮಾತು ಮಾತ್ರ ಗಟ್ಟಿ, ಕೈ ಸೆರಗಿನೊಳಗೆ ಕುಣಿಯುತ್ತಿತ್ತು.

ಬಸದಿಗೆ ಓಡಿ ಪೂಜಾರಿ ಉಪಾಧ್ಯೆಯವರನ್ನು ಕರೆತಂದು ಅವರ ಬಾಯಿಂದಲೇ ಹೇಳಿಸಬಹುದಿತ್ತು. ಆದರೆ ಆ ಹೊತ್ತಿಗೆ ಅವರು ಅಭಿಷೇಕದಲ್ಲಿರುತ್ತಾರೆ, ಅರ್ಧಕ್ಕೆ ಎದ್ದು ಬರುವವರಲ್ಲ. ಇನ್ನೊಂದು ದಾರಿ ನನ್ನ ಕೈಯಲ್ಲೇ ಇತ್ತು. ಹಣೆಯ ಒದ್ದೆ ಬಟ್ಟೆ ಬದಲಿಸುವ ನೆವದಲ್ಲಿ ಗುಳಿಗೆಯನ್ನು ತುಟಿಯೊಳಗೆ ತಳ್ಳಿ ಬಾಯಿ ಮುಚ್ಚಿ ಹಿಡಿದರೆ ಮುಗಿಯಿತು. ಅವರ ಮೈಯಲ್ಲಿ ಎಷ್ಟು ಶಕ್ತಿಯಿದೆ ಎಂದು ದಿನಾ ಎತ್ತಿ ಕೂರಿಸುವ ನನಗೆ ಗೊತ್ತು. ಮಾಡಲಿಲ್ಲ. ಧರ್ಮಕ್ಕೆ ಹೆದರಿ ಅಲ್ಲ. ಹಾಗೆ ಮಾಡಿದರೆ ಉಗುಳುತ್ತಾರೆ, ಆಮೇಲೆ ಜೀವ ಹೋದರೂ ನನ್ನ ಕೈಗೆ ಬಾಯಿ ತೆರೆಯುವುದಿಲ್ಲ. ಪುಸಲಾಯಿಸಿ ಒಪ್ಪಿಸುವುದು ನನಗೆ ಬರುವುದಿಲ್ಲ. ಬರುವುದನ್ನೇ ಮಾಡಿದೆ.

“ಕೇಳ್ರಿ ಬಾಯಾರ. ಮುಧೋಳದಾಗ ಒಂದು ಮನ್ಯಾಗ ಇದ್ದೆ. ಬಿ.ಪಿ. ಏರಿ ತಲ್ಯಾಗ ನರ ಒಡದು ಅರ್ಧಾ ಮೈ ಹೋಗಿತ್ತು ಆಕಿದು. ಮೂಗಿನ್ಯಾಗ ನಳಿಗಿ ಇಟ್ಟು ಗಂಜಿ ಬಿಡತಿದ್ದೆ. ಹಗಲಿ ಬಿಡತಿದ್ದೆ, ರಾತ್ರಿನೂ ಬಿಡತಿದ್ದೆ. ಬ್ಯಾಡ ಅನ್ನಾಕ ಆಕಿಗೆ ಬಾಯಿ ಇರಲಿಲ್ಲ. ನಿಮಗ ಹಂಗಾದ್ರ ನಳಿಗಿ ಬಿಡಾಕಿ ನಾನ. ಹೊತ್ತು ಮುಳಗೇತೋ ಇಲ್ಲೋ ಅಂತ ನಳಿಗಿ ಕೇಳೂದಿಲ್ಲ.”

ಬಾಯಾರು ನನ್ನನ್ನೇ ನೋಡಿದರು. ಮಣಿ ಎಣಿಸುವುದು ನಿಂತಿತ್ತು. ಸಾಯುವುದಕ್ಕೆ ಅವರು ಹೆದರಲಿಲ್ಲ, ಅದು ನನಗೆ ಗೊತ್ತಿತ್ತು. ರಾತ್ರಿಯ ಗಂಜಿಗೆ ಹೆದರಿದರು.

“ನಿನ್ನ ನಾಲಿಗಿ ಕೊಡ್ಲಿ ಐತಿ ನೋಡ” ಅಂದರು. ಆಮೇಲೆ ಗುಳಿಗೆಯ ಕಡೆ ನೋಡಿ, “ನೀರ ಯಾರ ಸೋಸ್ತಾರ?”

ಉಪವಾಸದ ದಿನವಾದ್ದರಿಂದ ಸೊಸೆ ನೀರು ಇಟ್ಟಿರಲಿಲ್ಲ. ತಂಬಿಗೆ ಬೋರಲಾಗಿತ್ತು. ನೀರಿಲ್ಲದೆ ನುಂಗಿ ಅಂದೆ. ಅವರು ನಾಲಿಗೆ ತೋರಿಸಿದರು, ಒಣಗಿ ಚರ್ಮದ ಹಾಗಿತ್ತು. ಅದರ ಮೇಲೆ ಗುಳಿಗೆ ಅಂಟಿ ಕೂರುತ್ತಿತ್ತೇ ಹೊರತು ಕರಗುತ್ತಿರಲಿಲ್ಲ. ನಲ್ಲಿಯ ನೀರು ತಂದರೆ ಮತ್ತೆ ಸೆರಗು ಅಡ್ಡ ಬರುತ್ತಿತ್ತು.

ನಾನು ಅಡಿಗೆಮನೆಯ ಹೊಸ್ತಿಲು ದಾಟಿದೆ. ಗೂಟಕ್ಕೆ ಹಾಕಿದ್ದ ಸೋಸುವ ಅರಿವೆ, ಕೊಡ, ತಂಬಿಗೆ ಮೂರನ್ನೂ ತೆಗೆದುಕೊಂಡು ಹಿತ್ತಲ ಬಾವಿಗೆ ನಡೆದೆ, ಹಗ್ಗ ಹಿಡಿದು ನೀರು ಸೇದಿದೆ. ಬಾಯಾರು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದು ಬಾಗಿಲಲ್ಲಿ ಕುಳಿತರು. ಕುಳಿತವರು ಸುಮ್ಮನಿರಲಿಲ್ಲ. ಅರಿವೆ ಒಂದು ಪದರ ಸಾಲದು, ಎರಡು ಮಾಡು. ಬೆಳಕಿಗೆ ಹಿಡಿದು ನೋಡು, ತೂತು ಇದೆಯೇನು. ನಿಧಾನ ಹೊಯ್ಯಿ. ತಲೆಯಲ್ಲಿ ರಕ್ತ ಕುದಿಯುತ್ತಿರುವ ಹೆಂಗಸು ಅರಿವೆಯ ಪದರ ಎಣಿಸುತ್ತಿದ್ದರು. ಸಿಟ್ಟು ನುಂಗಿಕೊಂಡು ಕೊಡ ಎತ್ತಿ ಸಣ್ಣ ಧಾರೆಯಲ್ಲಿ ಹೊಯ್ದೆ.

ತಂಬಿಗೆ ತುಂಬಿತು. ಕಾಯಿಸಲು ಹೊತ್ತಿಲ್ಲ ಅಂದೆ, ಅದನ್ನು ಬಿಟ್ಟುಕೊಟ್ಟರು. ಗುಳಿಗೆ ಮುಂದೆ ಹಿಡಿದೆ. ಅವರು ಬೆರಳಿನಿಂದ ಅರಿವೆ ತೋರಿಸಿದರು. ಸೋಸಿದ ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಸಿಕ್ಕಿರುತ್ತವಂತೆ. ಅದನ್ನು ತಿರುವಿ, ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ಮತ್ತೆ ಅದೇ ಬಾವಿಗೆ ಇಳಿಸಬೇಕು. ಮೇಲಿನಿಂದ ಸುರಿಯುವ ಹಾಗಿಲ್ಲ, ಕೊಡದಲ್ಲಿ ಇಳಿಬಿಟ್ಟು ನೀರಿನ ಮಟ್ಟದಲ್ಲಿ ಬಗ್ಗಿಸಬೇಕು. ಓಣಿಯಲ್ಲಿ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ನಾನು ಅರಿವೆ ತಿರುವಿದೆ, ಜಾಲಿಸಿದೆ, ಕೊಡ ಇಳಿಬಿಟ್ಟೆ. ಹಗ್ಗ ಮುಗಿಯುವುದೇ ಇಲ್ಲ ಅನ್ನಿಸಿತು.

ಕೊಡ ಮೇಲೆ ಬಂದ ಮೇಲೆ ಬಾಯಾರು ಬಾಯಿ ತೆರೆದರು.

ರಬಕವಿ ದಾಟುವಾಗ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ಬಾಯಾರು ಕಿವಿ ಮುಚ್ಚಿಕೊಂಡರು, ತಲೆಯೊಳಗೇ ಮಗ್ಗ ಹೊಡೆಯುತ್ತಿದೆ ಅಂದರು. ಮಾತು ತೊದಲುತ್ತದೆಯೇ ಎಂದು ನೋಡಲು ನಾನು ಅವರನ್ನು ಮಾತಾಡಿಸುತ್ತಲೇ ಇದ್ದೆ. ಎರಡೂ ಕೈಯಿಂದ ನನ್ನ ಬೆರಳು ಹಿಂಡಿ ಅಂದೆ. ಜೋರಾಗಿಯೇ ಹಿಂಡಿದರು, ಬೇಕಂತಲೇ. ಬನಹಟ್ಟಿಯ ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ತಿರುಗಿಕೊಂಡು ನಿಂತಿತ್ತು. ಆಟೋದವನು ಅದರ ಡ್ರೈವರನ ಹೆಸರು ಹಿಡಿದು, ಅವರಪ್ಪನ ಹೆಸರು ಹಿಡಿದು ಬೈದು ದಾರಿ ಮಾಡಿಸಿದ. ಅಷ್ಟರಲ್ಲಿ ಸೊಸೆಯ ಫೋನು ಬಂತು. ದವಾಖಾನೆಗೇ ಬಾ ಅಂದೆ.

ದವಾಖಾನೆಯಲ್ಲಿ ಎದೆಗೆ ವಾಯರು ಅಂಟಿಸಿದರು, ಕೈಗೆ ಸಲಾಯಿನ್ ಹಚ್ಚಿ ಅದರಲ್ಲೊಂದು ಇಂಜೆಕ್ಷನ್ ಬಿಟ್ಟರು. ಅಂಕಿ ಇನ್ನೂ ಇನ್ನೂರರ ಮೇಲೇ ಇತ್ತು. ಕೆಳಗಿಳಿಯಿತು, ಮತ್ತೆ ಏರಿತು. ಡಾಕ್ಟರು ಬೇರೆ ರೋಗಿಗಳನ್ನು ಬಿಟ್ಟು ಅಲ್ಲೇ ನಿಂತರು. ಸಣ್ಣ ಗುಳಿಗೆಯನ್ನು ಇನ್ನೊಂದು ಸಲ ಕೊಡಿಸಿದರು. ಈ ಸಲವೂ ನೀರು ನನ್ನ ತಂಬಿಗೆಯದೇ, ಬರುವಾಗ ಜೊತೆಗೆ ತಂದಿದ್ದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಕಿ ಇಳಿದು, ಇಳಿದಲ್ಲೇ ನಿಂತಿತು. ಬೆವರು ಆರಿತು. ಬಾಯಾರು ಮೊದಲ ಸಲ ಕಣ್ಣು ಮುಚ್ಚಿದರು.

ಮಗ ಅಷ್ಟರಲ್ಲಿ ಬಂದಿದ್ದ. ಗುಲಾಬಿ ಗುಳಿಗೆ ಕೊಟ್ಟೆಯಾ ಎಂದು ಮೊದಲು ಕೇಳಿದ. ಕೊಡಲು ಹೋಗಿದ್ದೆ, ತಗೊಳ್ಳಲಿಲ್ಲ ಅಂದೆ. ಡಾಕ್ಟರು ತಿರುಗಿ ನೋಡಿ, ಅದೊಂದನ್ನೇ ನುಂಗಿದ್ದರೆ ಇವತ್ತು ಇನ್ನೂ ಕೆಡುತ್ತಿತ್ತು, ಆಗ ಬಾಯಿ ಮುಚ್ಚಿದ್ದೇ ಛಲೋ ಆಯಿತು ಅಂದರು. ನನ್ನ ಅಂಗೈಯಲ್ಲಿ ಏನಿತ್ತು ಎಂದು ಆಗ ತಿಳಿಯಿತು. ಹಟವೇ ಅವರನ್ನು ಅಲ್ಲಿಗೆ ತಂದಿತ್ತು, ಅದೇ ಹಟ ನನ್ನ ಕೈಯಿಂದ ಅವರನ್ನು ಉಳಿಸಿತ್ತು.

ಎರಡು ದಿನಕ್ಕೆ ಹೀಗೆಲ್ಲ ಆಗುವುದು ಹೇಗೆ ಎಂದು ಸೊಸೆ ಕೇಳಿದಳು. ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಹೃದಯಕ್ಕೂ ರಕ್ತನಾಳಕ್ಕೂ ನರಗಳು ಬಂದು ಮುಟ್ಟುತ್ತವೆ. ನರದ ತುದಿಯಿಂದ ಒಂದು ರಸ ಹೊರಗೆ ಬೀಳುತ್ತದೆ. ಅದು ಬಿದ್ದರೆ ಹೃದಯ ಓಡುತ್ತದೆ, ರಕ್ತನಾಳ ಬಿಗಿಯುತ್ತದೆ. ಎಷ್ಟು ಬೀಳಬೇಕು ಎಂದು ನೋಡಿಕೊಳ್ಳುವುದಕ್ಕೆ ಆ ತುದಿಯ ಮೇಲೇ ಒಂದು ಕಿವಿ ಇದೆಯಂತೆ. ಡಾಕ್ಟರ ಮಾತಿನಲ್ಲಿ ಅದು ರಿಸೆಪ್ಟರ್, ನಾನು ಕಿವಿ ಅನ್ನುತ್ತೇನೆ.

ಕಬ್ಬಿಗೆ ನೀರು ಬಿಡುವಾಗ ಒಬ್ಬರು ಹೊಲದ ಕೊನೆಯಲ್ಲಿ ನಿಂತು ಸಾಕು ಎಂದು ಕೂಗುತ್ತಾರಲ್ಲ, ಹಾಗೆಯೇ ಎಂದು ಕೇಳಿದೆ.

“ಅರ್ಧಾ ಖರೆ ಆಯಿ. ಇಲ್ಲಿ ಕೊನಿಗೆ ಯಾರೂ ನಿಂತಿಲ್ಲ. ನೀ ಬಿಟ್ಟ ನೀರ ತುಂಬಿ ತಿರುಗಿ ನಿನ್ನ ಕಾಲಿಗೇ ಬಂದ್ರ ನೀನ ಒಡ್ಡು ಕಟ್ಟತೀ, ಹೌದಲ್ಲೊ? ನರಾನೂ ಹಂಗ. ತಾ ಬಿಟ್ಟ ರಸ ತಿರುಗಿ ತನ್ನ ಕಿವೀಗೆ ಬಡದಾಗ ಸಾಕು ಅಂತ ತಾನ ನಿಲ್ಲಸ್ತೈತಿ.”

ಸಣ್ಣ ಬಿಳಿ ಗುಳಿಗೆ ಆ ಕಿವಿಯಲ್ಲಿ ಕುಳಿತು, ರಸ ತುಂಬದಿದ್ದರೂ ‘ಸಾಕು, ಸಾಕು’ ಅನ್ನುತ್ತದೆ. ಮೆದುಳಿನಲ್ಲೂ ಅಂಥ ಕಿವಿಗಳಿವೆ, ಅಲ್ಲಿ ಅದರ ಕೆಲಸ ಇನ್ನೂ ಹೆಚ್ಚು. ನರ ನಂಬಿ ಒಡ್ಡು ಕಟ್ಟುತ್ತದೆ, ಬಿ.ಪಿ. ಇಳಿಯುತ್ತದೆ. ತಿಂಗಳುಗಟ್ಟಲೆ ಹೀಗೆ ಕೂಗಿಸಿಕೊಂಡ ಕಿವಿ ಮಂದವಾಗುತ್ತದೆ. ಕೂಗು ಒಮ್ಮೆಲೇ ನಿಂತರೆ, ತನ್ನ ರಸದ ಸಣ್ಣ ದನಿ ಅದಕ್ಕೆ ಕೇಳಿಸುವುದಿಲ್ಲ. ಆಗ ಒಡ್ಡು ಒಡೆದು ನೀರೆಲ್ಲ ನುಗ್ಗುತ್ತದೆ. ಗುಲಾಬಿ ಗುಳಿಗೆ ಹೃದಯದ ಓಟ ತಡೆಯುತ್ತಿತ್ತು, ರಕ್ತನಾಳದ ಬಿಗಿತ ತಡೆಯುತ್ತಿರಲಿಲ್ಲ. ಹಾಗಾಗಿ ನಾಳಗಳು ಇನ್ನೂ ಬಿಗಿಯುತ್ತಿದ್ದವು. ಬೇಸಿಗೆಯಲ್ಲಿ ಸಣ್ಣ ಗುಳಿಗೆ ಕೊಡುವಾಗಲೇ ಉಪವಾಸದ ಮಾತನ್ನು ತಾವೇ ಎತ್ತಬೇಕಿತ್ತು ಎಂದೂ ಡಾಕ್ಟರು ಅಂದರು.

ಮಗನಿಗೆ ಇದೆಲ್ಲ ಕೇಳಿಸಿತೋ ಇಲ್ಲವೋ. ಬಾಯಾರು ಮನೆಗೆ ಬಂದ ಮೇಲೆ ಅವರ ಮುಂದೆಯೇ ನನ್ನನ್ನು ಕೇಳಿದ, ಇಷ್ಟು ವರ್ಷದ ನಿಯಮ ಮುರಿಸಲು ನಿನಗೆ ಯಾರು ಹೇಳಿದರು, ಬಾವಿ ಮುಟ್ಟಲು ಯಾರು ಹೇಳಿದರು ಎಂದು. ಡಾಕ್ಟರು ಹೇಳಿದರು ಅಂದೆ. ಬಾವಿಯನ್ನೂ ಡಾಕ್ಟರು ಹೇಳಿದರೇನು ಅಂದ. ನಾಳೆಯಿಂದ ಬರುವುದು ಬೇಡ ಅನ್ನುತ್ತಾನೆ ಎಂದು ಚೀಲಕ್ಕೆ ಕೈ ಹಾಕಿದೆ.

ಬಾಯಾರು ಮಲಗಿದ್ದಲ್ಲಿಂದಲೇ ಮಾತಾಡಿದರು. “ನಿಯಮ ಮುರದಾಕಿ ನಾ. ಪ್ರಾಯಶ್ಚಿತ್ತ ನಾ ಮಾಡಕೋತೇನಿ. ಆಕಿ ನೀರ ಸೋಸೂದು ಕಲತಾಳ. ಆಕಿನ್ನ ಬಿಡಿಸಿ ಮತ್ತೊಬ್ಬಾಕಿಗೆ ಮೊದಲಿಂದ ಯಾರ ಕಲಸ್ತಾರ, ನೀನೇನ?”

ಸೊಸೆ ಒಳಗೆ ಹೋಗಿ ಸೋಸುವ ಅರಿವೆ ತಂದು ನನ್ನ ಕೈಗೆ ಕೊಟ್ಟಳು. ಅಲ್ಲಿಗೆ ಆ ಮಾತು ಮುಗಿಯಿತು. ಲೆಕ್ಕ ಹಾಕಿದರೆ ನನಗೆ ಒಂದು ಕೆಲಸ ಹೆಚ್ಚಾಯಿತು.

ಈ ವರ್ಷದ ಪರ್ವ ಇನ್ನೂ ಬಂದಿಲ್ಲ. ಉಪವಾಸ ಬಿಡುವುದಿಲ್ಲ ಎಂದು ಬಾಯಾರು ಡಾಕ್ಟರಿಗೆ ಮುಖದ ಮೇಲೇ ಹೇಳಿದರು. ಡಾಕ್ಟರು ಬೇರೊಂದು ಔಷಧ ಶುರುಮಾಡಿ, ಈ ಸಣ್ಣದನ್ನು ಅವಸರವಿಲ್ಲದೆ ಇಳಿಸುತ್ತಿದ್ದಾರೆ. ಕಿವಿಗೆ ತನ್ನ ಸೂಕ್ಷ್ಮ ಮರಳಿ ಬರಬೇಕು, ಅದನ್ನು ಹೊಡೆದು ಬಡಿದು ತರಲಾಗುವುದಿಲ್ಲ ಅಂದರು. ಕಿವಿ ಚುರುಕಾಗದಿದ್ದರೆ ಉಪವಾಸದ ಮಾತೇ ಇಲ್ಲ ಎಂದೂ ಅಂದರು. ಬೆಳಗಿನದು ನಿಂತಿದೆ. ಸಂಜೆಯದು ಅರ್ಧಕ್ಕೆ ಬಂದಿದೆ. ಅಷ್ಟು ಸಣ್ಣದನ್ನು ಅರ್ಧ ಮಾಡುವುದು ಸುಲಭವಲ್ಲ, ಅಡಕತ್ತರಿಯಲ್ಲಿ ಇಟ್ಟು ಉಸಿರು ಹಿಡಿದು ಒತ್ತುತ್ತೇನೆ.

ಬಿಸಿಲು ಗೋಡೆಯ ನೆತ್ತಿಗೆ ಬಂದಾಗ ಅರ್ಧ ಗುಳಿಗೆ, ನಾನು ಸೋಸಿ ಕಾಯಿಸಿದ ನೀರು. ನುಂಗಿದ ಮೇಲೆ ಬಾಯಾರು ತಾವಾಗಿಯೇ ತೋಳು ಚಾಚುತ್ತಾರೆ. ನಾನು ಪಟ್ಟಿ ಸುತ್ತಿ ಗುಂಡಿ ಒತ್ತುತ್ತೇನೆ. ಮಶೀನು ಗುರ್ ಎಂದು ಬಿಗಿದು ಸಡಿಲಿಸುತ್ತದೆ.

“ಏನಂತೈತಿ ಬೇ?” ಎಂದು ಅವರು ಆಮೇಲೆ ಕೇಳುತ್ತಾರೆ. “ತನ್ನ ದನಿ ತನಗ ಕೇಳಸಾಕತ್ತೈತೇನ ಆ ಕಿವೀಗೆ?”

ನಾನು ಅಂಕಿ ಓದುತ್ತೇನೆ.